ಕಾಸರಗೋಡಿನ ಕನ್ನಡಿಗರಿಗೆ ನಿಜವಾಗಿಯೂ ತಾರತಮ್ಯ ಆಗ್ತಾ ಇದೆಯಾ, ಇಲ್ಲ ಸುಮ್ನೆ ರಾಜಕೀಯವಾ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಲ್ಲಿ ಕನ್ನಡಿಗರಿಗೆ ತಾರತಮ್ಯ ಆಗುವುದು ನಿಜವಾ ಅಂತ ಒಂದು. ಕುಂಬಳೆಯಲ್ಲಿರುವ ನಿಮ್ಮ ಅಜ್ಜಿಯ ಜಾಗದ ವಿಷಯಕ್ಕೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳುತ್ತಾರಾ ಅಂತ ಇನ್ನೊಂದು. ಎರಡನೆಯದು ಸುಲಭ, ಕೊನೆಗೆ ಹೇಳುತ್ತೇನೆ. ಮೊದಲನೆಯದಕ್ಕೆ ಹೌದು ಅಂತಲೇ ಉತ್ತರ. ಆದರೆ ಬೆಂಗಳೂರಿನ ಟಿವಿಯಲ್ಲಿ ಕಿರುಚುವ ಹಾಗೆ ಅಲ್ಲ.

ನಾನು ಬದಿಯಡ್ಕ ಕಡೆಯವನು. ಕನ್ನಡ ಮಾತಾಡಿದ್ದಕ್ಕೆ ನನಗೆ ಇಷ್ಟರವರೆಗೆ ಯಾರೂ ಬೈದಿಲ್ಲ. ಮೀನಿನ ಪೇಟೆಯಲ್ಲಿ ಮಲಯಾಳ, ಅಡಕೆ ತೋಟದಲ್ಲಿ ತುಳು, ಮನೆಯಲ್ಲಿ ಕನ್ನಡ, ಆಚೆಮನೆಯ ಬ್ಯಾರಿ ಮುಸ್ಲಿಮರ ಹತ್ತಿರ ಅರ್ಧ ಅದು ಅರ್ಧ ಇದು. ಭಾಷಣ ಮಾಡುವವರು ಇದನ್ನು ಸಪ್ತಭಾಷಾ ಸಂಗಮಭೂಮಿ ಅನ್ನುತ್ತಾರೆ. ನಮಗೆ ಅದು ದಿನದ ವ್ಯವಹಾರ, ಅದರಲ್ಲಿ ಜಗಳ ಇಲ್ಲ. ಜಗಳ ಶುರುವಾಗುವುದು ಕಾಗದ ಪತ್ರದಲ್ಲಿ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಒಂದು ಕಚೇರಿಯಿಂದ ನೋಟೀಸು ಬಂತು. ಪೂರ್ತಿ ಮಲಯಾಳದಲ್ಲಿ. ಅಪ್ಪ ಕಲಿತದ್ದು ಕನ್ನಡ ಶಾಲೆಯಲ್ಲಿ, ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಯಾವುದೋ ತೆರಿಗೆಯ ಚೀಟಿ ಅಂದುಕೊಂಡು ಪಂಚಾಂಗದ ಒಳಗೆ ಇಟ್ಟುಬಿಟ್ಟರು. ಅದು ಜಾಗದ ಗಡಿಯ ವಿಚಾರಣೆಗೆ ಬರಬೇಕು ಅನ್ನುವ ನೋಟೀಸು ಅಂತ ಗೊತ್ತಾಗುವಾಗ ತಾರೀಕು ಕಳೆದು ಹನ್ನೊಂದು ದಿನ ಆಗಿತ್ತು. ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಕೆಟ್ಟವರೇನಲ್ಲ ಮಾರಾಯ್ರೆ, ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದವರು, ನಮ್ಮ ಕನ್ನಡದ ಅರ್ಜಿ ನೋಡಿ ಅವರೇ ಬೆವರಿದರು. ಮಲಯಾಳದಲ್ಲಿ ಬರೆಸಿ ತನ್ನಿ ಅಂದರು. ಹೊರಗೆ ಬರೆದುಕೊಡುವವರು ಒಬ್ಬರಿದ್ದಾರೆ, ನೂರು ರೂಪಾಯಿ. ತಾರತಮ್ಯ ಎಲ್ಲಿದೆ ಅಂತ ಕೇಳಿದರೆ ನಾನು ಆ ನೂರು ರೂಪಾಯಿಯನ್ನೇ ತೋರಿಸುತ್ತೇನೆ. ಅದೇ ಕೆಲಸಕ್ಕೆ ಬರುವ ಮಲಯಾಳಿ ನೆರೆಯವರಿಗೆ ಆ ಖರ್ಚಿಲ್ಲ, ಆ ಅವಮಾನವೂ ಇಲ್ಲ ಅಲ್ವಾ?

ತಮಾಷೆ ಅಂದರೆ, ನಮ್ಮ ಪರವಾಗಿ ಕಾನೂನು ಯಾವಾಗಿನಿಂದಲೂ ಉಂಟು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಕನ್ನಡಿಗರು ಮತ್ತು ತಮಿಳರು ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಇದೆ. ನನಗೆ ಅದು ಗೊತ್ತಾದದ್ದು ಅಪ್ಪನ ಈ ಪ್ರಕರಣ ಆದ ಮೇಲೆ. ಆಮೇಲಿನ ಅರ್ಜಿಯಲ್ಲಿ ಕಾಯ್ದೆಯ ಹೆಸರನ್ನು ಮೇಲೆಯೇ ಬರೆದೆ. ಎರಡು ತಿಂಗಳು ಹಿಡಿಯಿತು, ಆದರೆ ಉತ್ತರ ಕನ್ನಡದಲ್ಲೇ ಬಂತು, ತಪ್ಪು ತಪ್ಪು ಕನ್ನಡ, ಆದರೂ ಅಪ್ಪ ಅದನ್ನು ಮೂರು ಸಲ ಓದಿದರು.

ಇತಿಹಾಸ ನಿಮಗೆ ಗೊತ್ತಿರಬಹುದು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು, ಆ ದಿನ ಕೇರಳದವರಾದೆವು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರಿಗೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಆಗಲಿಲ್ಲ. ಈ ವಿಷಯಕ್ಕೆ ನಮ್ಮ ಹಿರಿಯರು ಜೀವನವನ್ನೇ ಕೊಟ್ಟಿದ್ದಾರೆ, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಕೊನೆಯವರೆಗೂ ಅದನ್ನೇ ಹೇಳಿದರು. ನಾನು ಅಷ್ಟು ದೊಡ್ಡವನಲ್ಲ. ನನಗೆ ಸದ್ಯಕ್ಕೆ ಕೌಂಟರಿನಲ್ಲಿ ಕೆಲಸ ಆದರೆ ಸಾಕು.

ಸಂವಿಧಾನದ 15ನೇ ವಿಧಿ ಒಮ್ಮೆ ಓದಿ ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಇವುಗಳ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದು ಅಂತ ಇದೆ. ಭಾಷೆ ಆ ಪಟ್ಟಿಯಲ್ಲಿ ಇಲ್ಲ! ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 2ನೇ ವಿಧಿಯಲ್ಲಿ ಭಾಷೆಯ ಹೆಸರು ಉಂಟು. ನಮ್ಮಲ್ಲಿ ಅದು ಬರುವುದು 29ನೇ ವಿಧಿಯಲ್ಲಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೇರಿಸಿಕೊಳ್ಳುವ ವಿಷಯದಲ್ಲಿ. ಆಮೇಲೆ 350ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಸೌಲಭ್ಯ ಕೊಡಲು ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತದೆ. 'ಪ್ರಯತ್ನಿಸಬೇಕು' ಅನ್ನುವ ಪದ ಗಮನಿಸಿ, ಎಲ್ಲಾ ಸಡಿಲು ಇರುವುದು ಅಲ್ಲೇ. ನನ್ನ ತಂಗಿಯ ಮಗಳ ಶಾಲೆಗೆ, ಕನ್ನಡ ಮಾಧ್ಯಮದ ಶಾಲೆಗೆ, ಕನ್ನಡ ಒಂದಕ್ಷರ ಬಾರದ ಗಣಿತದ ಮಾಸ್ತರರು ಬಂದರು. ಮಕ್ಕಳು ಬೋರ್ಡಿನಲ್ಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ಇಳಿಸಿಕೊಂಡು ಬರುತ್ತಿದ್ದರು. ಗೇಟಿನ ಹತ್ತಿರ ಹೆತ್ತವರೆಲ್ಲ ನಿಂತೆವು. ಪಾಪ, ಆ ಮಾಸ್ತರರಿಗೂ ನಮ್ಮಷ್ಟೇ ಕಷ್ಟ, ಅವರನ್ನು ಅಲ್ಲಿಗೆ ಕಳಿಸಿದವರು ಮಾತ್ರ ಎಲ್ಲೋ ಆರಾಮವಾಗಿದ್ದರು.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಖುಷಿಯಾಗಬಹುದು, ಕನ್ನಡಿಗರಿಗೆ ಅನ್ಯಾಯ ಅಂತ ಹಂಚಿಕೊಳ್ಳಲೂಬಹುದು. ಆದರೆ ಇನ್ನೊಂದು ಹೇಳದಿದ್ದರೆ ಸುಳ್ಳು ಹೇಳಿದ ಹಾಗೆ.

ನಾನು ಸಣ್ಣವನಿರುವಾಗ ನಮ್ಮ ಮನೆಗೆ ಬುಟ್ಟಿ ಮಾರಲು ಕೊರಗ ಅನ್ನುವ ಬುಡಕಟ್ಟಿನ ಒಬ್ಬ ಹೆಂಗಸು ಬರುತ್ತಿದ್ದರು. ಕಾಡಿನ ಬಳ್ಳಿಯಲ್ಲಿ ಹೆಣೆದ ಬುಟ್ಟಿ, ಹತ್ತು ಮಳೆಗಾಲ ಬಾಳುತ್ತಿತ್ತು. ಅವರು ಅಂಗಳಕ್ಕೆ ಬರುವಂತಿರಲಿಲ್ಲ. ಹಟ್ಟಿಯ ಹಿಂದೆ ನಿಲ್ಲಬೇಕು. ಚಾ ಕೊಡುವುದು ತೆಂಗಿನ ಗೆರಟೆಯಲ್ಲಿ, ಅದೂ ಎತ್ತರದಿಂದ ಹೊಯ್ಯುವುದು. ಅಸ್ಪೃಶ್ಯತೆಯನ್ನು 17ನೇ ವಿಧಿ ತೆಗೆದುಹಾಕಿ ಆಗಲೇ ಮೂವತ್ತು ವರ್ಷ ದಾಟಿತ್ತು. ಹೊಯ್ಯುತ್ತಿದ್ದವರು ನನ್ನ ಅಜ್ಜಿ, ನೋಡುತ್ತಾ ನಿಂತವನು ನಾನು, ಸುಮ್ಮನಿದ್ದವರು ಅಪ್ಪ. ಕಚೇರಿಯಲ್ಲಿ ಮರ್ಯಾದೆ ಹೋಯಿತು ಅಂತ ದಾರಿಯುದ್ದಕ್ಕೂ ಬೇಸರ ಮಾಡಿಕೊಂಡ ಅದೇ ಅಪ್ಪ. ಗಡಿಯ ಆಚೆಯೂ ಕಥೆ ಬೇರೆ ಇಲ್ಲ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಪೀಡೆ ಕಳೆಯಿತು ಅಂದುಕೊಳ್ಳುವ ಅಜಲು ಪದ್ಧತಿ ನಿಲ್ಲಿಸಲು ಕರ್ನಾಟಕಕ್ಕೆ 2000ದಲ್ಲಿ ಒಂದು ಕಾಯ್ದೆಯೇ ಬೇಕಾಯಿತು.

ಕೊರಗರಿಗೆ ಅವರದೇ ಭಾಷೆ ಉಂಟು. ಕೊರಗರ ಮಗುವಿಗೆ 350ಎ ಎಲ್ಲಿದೆ? ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಎಲ್ಲಿದೆ? ಅವರೆಲ್ಲ ಕನ್ನಡ ಶಾಲೆಗೆ ಬಂದರೆ ನಾವು ಅವರನ್ನು ಕನ್ನಡಿಗರ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೇವೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ಪ್ರತಿಭಟನೆ ಆಯಿತು, ನಾನೂ ಹೋಗಿದ್ದೆ, ಗಂಟಲು ಹರಿಯುವಷ್ಟು ಕೂಗಿದ್ದೆ. ನಾನಿದ್ದ ಕಡೆ ವೇದಿಕೆಯಲ್ಲಿ ಕೂತವರು ಯಾರು ಅಂತ ಆವಾಗ ನೋಡಲಿಲ್ಲ, ಮನೆಗೆ ಬಂದ ಮೇಲೆ ನೆನಪು ಮಾಡಿಕೊಂಡೆ. ಎಲ್ಲರೂ ನಮ್ಮಂಥವರೇ, ತೋಟ ಇದ್ದವರು.

ಆ ಬುಟ್ಟಿಯ ಹೆಂಗಸಿನ ಮಗ ಕಳೆದ ವರ್ಷ ನನ್ನ ಹತ್ತಿರ ಬಂದ, ಮನೆ ರಿಪೇರಿಯ ಸಹಾಯಧನಕ್ಕೆ ಅರ್ಜಿ ಬರೆಸಲು. ಕನ್ನಡದಲ್ಲಿ ಬರೆಯುತ್ತೇನೆ, ಅದು ನಿನ್ನ ಹಕ್ಕು ಅಂತ ಕಾಯ್ದೆಯ ಕಥೆಯೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ, ಯಾವುದರಲ್ಲಿ ಬರೆದರೆ ಬೇಗ ಆಗುತ್ತದೆ? ನಿಜ ಹೇಳಬೇಕಾಯಿತು. ಹೊರಗಿನ ಆ ಬರೆಯುವವರ ಹತ್ತಿರವೇ ಕರೆದುಕೊಂಡು ಹೋದೆ, ನೂರು ರೂಪಾಯಿ ನಾನು ಕೊಟ್ಟೆ. ಹಕ್ಕಿಗಾಗಿ ಎರಡು ತಿಂಗಳು ಕಾಯಲು ನನಗೆ ಆಗುತ್ತದೆ, ನನ್ನ ಮಾಡು ಸೋರುವುದಿಲ್ಲ.

ಈಗ ನಿಮ್ಮ ಅಜ್ಜಿಯ ಜಾಗ. ನಿಮಗೆ ಅರ್ಜೆಂಟ್ ಇಲ್ಲದಿದ್ದರೆ ಧಾರಾಳವಾಗಿ ಕನ್ನಡದಲ್ಲೇ ಕೊಡಿ. 1969ರ ಕಾಯ್ದೆಯ ಹೆಸರನ್ನು ಮೇಲೆಯೇ ಬರೆದು, ಉತ್ತರ ಕನ್ನಡದಲ್ಲಿ ಬೇಕು ಅಂತ ಒಂದು ಸಾಲು ಸೇರಿಸಿ. ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ತೆಗೆದುಕೊಳ್ಳುವುದಿಲ್ಲ ಅಂದರೆ ಜಗಳ ಆಡಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿ ಜಿಲ್ಲಾಧಿಕಾರಿಗೂ ಹೋಗಲಿ. ಸರ್ವೆ ನಂಬರನ್ನು ಮಾತ್ರ ಕನ್ನಡ ಅಂಕೆಯಲ್ಲಿ ಬರೆಯಬೇಡಿ. ನನ್ನ ಒಂದು ಅರ್ಜಿ ಅದಕ್ಕೇ ವಾಪಸ್ ಬಂದಿತ್ತು.