ಚಳಿಗೆ ಫೋಮ್ ಹಿಡಿಯುತ್ತಿಲ್ಲವೇ? ಅಂಟು ಬದಲಾಯಿಸಬೇಡಿ

ವೇಷದ ಕವಚಕ್ಕೆ ಫೋಮ್ ಅಂಟಿಸಲು ಹೊರಗೆ ಕೂತರೆ ಚಳಿಗೆ ಹಿಡಿಯಲ್ಲ, ಒಳಗೆ ಕೂತರೆ ವಾಸನೆಗೆ ಮನೆಯವರು ಬೈತಾರೆ, ಹಾಗಾಗಿ ಚಳಿಗೆ ಆಗಿಬರುವ ಅಂಟು ಯಾವುದು ಅಂತ ತಾನೇ ನಿಮ್ಮ ಪ್ರಶ್ನೆ? ನಾನೂ ಇದನ್ನೇ ಕೇಳಿಕೊಂಡು ಅಂಗಡಿ ಅಂಗಡಿ ಅಲೆದವನು.

ನಮ್ಮಕ್ಕನ ಮಗನಿಗೆ ನಾಟಕದಲ್ಲಿ ಸೈನಿಕನ ಪಾತ್ರ. ಎದೆಗವಚ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೆ. 10 ಮಿಲಿಮೀಟರ್ ದಪ್ಪದ ಇವಿಎ ಫೋಮ್ (ಚಪ್ಪಲಿ ಅಟ್ಟೆಯಂಥ ಮೆತ್ತನೆ ಹಾಳೆ) ತಂದೆ, ಕತ್ತರಿಸಿದೆ, ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದು ಬಾಗಿಸಿದೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಅಂಟಿಸುವ ಕೆಲಸ ಮಾತ್ರ ರಾತ್ರಿ ಬಾಲ್ಕನಿಯಲ್ಲಿ. ಹೊರಗೆ 12 ಡಿಗ್ರಿ. ಚಪ್ಪಲಿ ರಿಪೇರಿಯವರು ಹಚ್ಚುತ್ತಾರಲ್ಲ, ಆ ಹಳದಿ ಕಾಂಟ್ಯಾಕ್ಟ್ ಅಂಟು. ಎರಡೂ ಅಂಚಿಗೆ ಹಚ್ಚಿ, ಹದಿನೈದು ನಿಮಿಷ ಕಾದು, ಬೆರಳಿಟ್ಟು ನೋಡಿದೆ. ಬೆರಳಿಗೆ ಏನೂ ಅಂಟಲಿಲ್ಲ. ಆಯ್ತು ಅಂದುಕೊಂಡು ಒತ್ತಿದೆ.

ನಾನು ಕೆಟ್ಟಿದ್ದು ಇಲ್ಲೇ. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಯಾಕಂದ್ರೆ ಬಹಳ ಜನ ಇದನ್ನೇ ಮಾಡುತ್ತಾರೆ. ಈ ಅಂಟಿನಲ್ಲಿ ರಬ್ಬರ್, ಬೇಗ ಆವಿಯಾಗುವ ದ್ರವದಲ್ಲಿ, ಅಂದರೆ ಸಾಲ್ವೆಂಟ್‌ನಲ್ಲಿ ಕರಗಿರುತ್ತದೆ. ಸಾಲ್ವೆಂಟ್ ಪೂರ್ತಿ ಹಾರಿಹೋಗಬೇಕು, ಉಳಿದ ರಬ್ಬರ್ ಪದರಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಬೆಚ್ಚಗಿದ್ದಾಗ 'ಬೆರಳಿಗೆ ಅಂಟುತ್ತಿಲ್ಲ' ಅಂದರೆ ಸಾಲ್ವೆಂಟ್ ಹೋಗಿದೆ ಅಂತ ಅರ್ಥ. ಚಳಿಯಲ್ಲಿ ಹಾಗಲ್ಲ. ಅಂಟು ತಣ್ಣಗಾದರೂ ಗಡುಸಾಗುತ್ತದೆ, ಮೇಲೆ ಕೆನೆ ಕಟ್ಟಿದರೂ ಒಣಗಿದ ಹಾಗೆ ಕಾಣುತ್ತದೆ. ಬೆರಳಿಗೆ ಅದು ಗೊತ್ತಾಗಲ್ಲ. ಅದರಲ್ಲೂ ನನ್ನ ಬೆರಳು ಚಳಿಗೆ ಅರ್ಧ ಮರಗಟ್ಟಿತ್ತು! ಕೆನೆಯ ಅಡಿಯಲ್ಲಿ ಸಾಲ್ವೆಂಟ್ ಹಾಗೇ ಉಳಿದಿತ್ತು. ನಾನು ಎರಡೂ ಅಂಚು ಸೇರಿಸಿ ಅದಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲದ ಹಾಗೆ ಮಾಡಿದ್ದೆ.

ಬೆಳಿಗ್ಗೆ ಎಳೆದು ನೋಡಿದಾಗ ಗಟ್ಟಿಯಾಗೇ ಇತ್ತು. ನಾಟಕದ ದಿನ ವೇದಿಕೆಯ ದೀಪದ ಬಿಸಿಗೆ ಒಳಗಿದ್ದ ಹಸಿ ಅಂಟು ಮೆತ್ತಗಾಯಿತು. ಬಾಗಿಸಿದ ಫೋಮ್ ನೇರವಾಗಲು ಎಳೆಯುತ್ತಲೇ ಇರುತ್ತದೆ, ಅಲ್ವಾ? ಎರಡನೇ ದೃಶ್ಯದಲ್ಲಿ ಎಡ ಭುಜದ ಹತ್ತಿರ ಜೋಡಣೆ ಬಾಯಿ ಬಿಟ್ಟಿತು. ಹುಡುಗ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಕವಚ ಹಿಡಿದುಕೊಂಡೇ ಯುದ್ಧ ಮಾಡಿದ.

ಆಮೇಲೆ ಡಬ್ಬಿ ತಿರುಗಿಸಿ ನೋಡಿದರೆ, 18 ಡಿಗ್ರಿಗಿಂತ ತಣ್ಣಗಿರುವಾಗ ಬಳಸಬೇಡಿ ಅಂತ ಅಚ್ಚಾಗಿತ್ತು.

ಹಾಗಾಗಿ ಚಳಿಗೆ ಬೇರೆ ಅಂಟು ಹುಡುಕುವುದೇ ತಪ್ಪು ದಾರಿ ಅಂತೀನಿ. ಕರಗಿಸಿ ಹಚ್ಚುವ ಹಾಟ್ ಗ್ಲೂ ತಣ್ಣನೆ ಫೋಮ್ ಮುಟ್ಟಿದ ತಕ್ಷಣ ಗಟ್ಟಿಯಾಗುತ್ತದೆ, ಒಳಗೆ ಇಳಿಯುವುದೇ ಇಲ್ಲ. ಸೂಪರ್ ಗ್ಲೂ ಹಿಡಿಯುತ್ತದೆ, ಆದರೆ ಅಂಟಿಸಿದ ಗೆರೆ ಕಡ್ಡಿಯಂತೆ ಬಿರುಸಾಗಿ ಬಗ್ಗಿಸಿದರೆ ಬಿಡುತ್ತದೆ. ಬಿಳಿ ಅಂಟಿನ ಮಾತೇ ಬೇಡ.

ಈಗ ನಾನು ಫೋಮ್, ಡಬ್ಬಿ, ಬ್ರಷ್ ಮೂರನ್ನೂ ಹಿಂದಿನ ರಾತ್ರಿಯಿಂದ ಮನೆಯೊಳಗೇ ಇಡುತ್ತೇನೆ. ಮಧ್ಯಾಹ್ನ, ಬೆಚ್ಚಗಿರುವ ಹೊತ್ತಿಗೆ, ಬಾಲ್ಕನಿಗೆ ತಂದು ತೆಳ್ಳಗೆ ಹಚ್ಚುತ್ತೇನೆ. ದಪ್ಪ ಹಚ್ಚಿದರೆ ಜಾಸ್ತಿ ಹಿಡಿಯುತ್ತದೆ ಅನ್ನುವುದು ಸುಳ್ಳು. ವಾಸನೆ ಹೆಚ್ಚುಕಮ್ಮಿ ಪೂರ್ತಿ ಹೋಗುವವರೆಗೆ ತುಂಡುಗಳು ಅಲ್ಲೇ ಇರುತ್ತವೆ, ಮುಕ್ಕಾಲು ಗಂಟೆಯಾದರೂ ಸರಿ. ಬೆರಳಿಗಿಂತ ಮೂಗನ್ನು ನಂಬಿ. ಆಮೇಲೆ ಒಳಗೆ ತಂದು, ಹೇರ್ ಡ್ರೈಯರ್‌ನಲ್ಲಿ ಅಂಟಿನ ಮುಖ ಬೆಚ್ಚಗೆ ಮಾಡಿ ಒತ್ತುತ್ತೇನೆ. ಒಣಗಿದ ಕಾಂಟ್ಯಾಕ್ಟ್ ಅಂಟಿಗೆ ಬಿಸಿ ತಾಗಿದರೆ ಮತ್ತೆ ಜೀವ ಬರುತ್ತದೆ. ಅಂಟಿನ ಮೇಲೆ ಮಬ್ಬು ಬಿಳಿ ಪೊರೆ ಕಂಡರೆ ಅದು ಗಾಳಿಯ ತೇವ. ಒತ್ತಬೇಡಿ, ಪೂರ್ತಿ ಒಣಗಿಸಿ ಇನ್ನೊಂದು ತೆಳು ಕೋಟ್ ಕೊಡಿ.

ಅಂಟು ಹಸಿ ಇರುವಾಗ ಮಾತ್ರ ಹೀಟ್ ಗನ್, ಕಾಯಿಲ್ ಹೀಟರ್ ಹತ್ತಿರ ತರಬೇಡಿ. ಸಾಲ್ವೆಂಟ್ ಆವಿಗೆ ಬೆಂಕಿ ಹತ್ತುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿಕೊಂಡಿರುತ್ತದೆ. ವಾಸನೆ ಸಹಿಸಲು ಆಗುವುದೇ ಇಲ್ಲ ಅಂದರೆ ಸಾಲ್ವೆಂಟ್ ಬದಲು ನೀರು ಬಳಸಿದ ಕಾಂಟ್ಯಾಕ್ಟ್ ಅಂಟು ತಂದು ಬೆಚ್ಚಗಿನ ಕೋಣೆಯಲ್ಲಿ ಕೂತು ಮಾಡಿ. ಒಣಗುವುದು ನಿಧಾನ, ಡಬ್ಬಿ ಹೆಪ್ಪುಗಟ್ಟಿದರೆ ಹಾಳು. ಅಂದಹಾಗೆ, ನೀವು ಫೋಮ್ ಅಂದಿದ್ದು ಥರ್ಮೋಕೋಲ್ ಆಗಿದ್ದರೆ ಹಳದಿ ಅಂಟು ಹಚ್ಚಲೇಬೇಡಿ, ಥರ್ಮೋಕೋಲೇ ಕರಗಿ ಗುಂಡಿ ಬೀಳುತ್ತದೆ.