ಒಂದೇ ತೂತಿನ ರೋಬೋಟ್ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ ಸಣ್ಣ ಕ್ಯಾನ್ಸರ್ ಗಡ್ಡೆ ಇದೆ. ಒಬ್ಬ ಡಾಕ್ಟರು ರೋಬೋಟ್‌ನಿಂದ ಒಂದೇ ತೂತಿನಲ್ಲಿ ತೆಗೆಯುತ್ತೇನೆ ಅಂದರು. ಇನ್ನೊಬ್ಬರು ನಾಲ್ಕು ತೂತು ಬೇಕು ಅಂದರು. ಒಂದೇ ಆದರೆ ಒಳ್ಳೆಯದಲ್ವಾ? ತಂದೆ ಈಗಲೂ ಬೀಡಿ ಸೇದುತ್ತಾರೆ.
– ಓದುಗರು, ಹಾಸನ

ಉತ್ತರ: ನೋವು ಕಡಿಮೆ ಆಗಬಹುದು. ಆದರೆ ತೂತಿನ ಲೆಕ್ಕ ನೋಡಿ ಡಾಕ್ಟರನ್ನು ಆರಿಸಬೇಡಿ. ಎದೆಯ ಆಪರೇಷನ್ ಮಾಡುವ ನಾನು ನಮ್ಮ ಮನೆಯವರಿಗೂ ಇದನ್ನೇ ಹೇಳುತ್ತೇನೆ.

ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಹಾದುಹೋಗುತ್ತದೆ. ಸಲಕರಣೆ ಅದನ್ನು ಒತ್ತಿದರೆ ಗಾಯ ಮಾಗಿದ ಮೇಲೂ ತಿಂಗಳುಗಟ್ಟಲೆ ಉರಿ, ಜೋಮು ಉಳಿಯಬಹುದು. ಪಕ್ಕೆಲುಬುಗಳ ನಡುವಿನ ಒಂದೇ ಸಂದಿನಲ್ಲಿ ಮೂರು-ನಾಲ್ಕು ಸೆಂಟಿಮೀಟರ್ ಕೊಯ್ದರೆ ಬೇರೆ ಸಂದುಗಳ ನರಕ್ಕೆ ಕೈ ಹಾಕಿದಂತಾಗುವುದಿಲ್ಲ. ಒಳಗಿನ ಕೆಲಸ ಮಾತ್ರ ಎರಡರಲ್ಲೂ ಅದೇ. ಗಡ್ಡೆ ಇರುವ ಭಾಗದ ಜೊತೆ ಕ್ಯಾನ್ಸರ್ ಹರಡಬಹುದಾದ ಸುತ್ತಲಿನ ಸಣ್ಣ ಲಿಂಫ್ ಗಂಟುಗಳನ್ನೂ ತೆಗೆಯಬೇಕು.

ಸ್ಪೇನಿನ ಸರ್ಜನ್ ಡಿಯೆಗೊ ಗೊನ್ಸಾಲೆಸ್ ರಿವಾಸ್ 2010ರಲ್ಲಿ ಕ್ಯಾಮೆರಾ ಬಳಸಿ, ಒಂದೇ ತೂತಿನಿಂದ ಶ್ವಾಸಕೋಶದ ಒಂದು ಇಡೀ ಭಾಗ ತೆಗೆದರು. ಅದನ್ನೇ ರೋಬೋಟ್‌ನಿಂದ ಮಾಡಿದ್ದು 2021ರಲ್ಲಿ. ಅಷ್ಟು ಪಳಗಿದ ಕೈ ಅದು! ಮಾಮೂಲಿ ‘ಡಾ ವಿಂಚಿ’ ಎಂಬ ಹೆಸರಿನ ಆಪರೇಷನ್ ರೋಬೋಟ್‌ನ ತೋಳುಗಳನ್ನು ಬೇರೆ ಬೇರೆ ತೂತುಗಳಿಂದ ಒಳಹೋಗಲೆಂದೇ ಮಾಡಿದ್ದಾರೆ. ಒಂದೇ ಗಾಯದಿಂದ ತೂರಿಸಿದರೆ ಹೊರಗೆ ಒಂದಕ್ಕೊಂದು ಬಡಿಯುತ್ತವೆ. ಹಾಗಾಗದಂತೆ ಕೂರಿಸುವುದನ್ನು ಸರ್ಜನ್ ಹೊಸದಾಗಿ ಕಲಿಯಬೇಕು. ಒಂದೇ ಕೊಳವೆಯಲ್ಲಿ ಕ್ಯಾಮೆರಾ, ಸಲಕರಣೆ ಎಲ್ಲ ಹೋಗುವ ಎಸ್‌ಪಿ ಎಂಬ ಯಂತ್ರವೂ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಇರುವುದು ಯಾವುದು ಅಂತ ಕೇಳಿ.

ನನಗೆ ಜಾಸ್ತಿ ಚಿಂತೆ ರಕ್ತಸ್ರಾವದ್ದು. ಶ್ವಾಸಕೋಶದ ರಕ್ತನಾಳಗಳ ಗೋಡೆ ತೆಳು. ಹರಿದರೆ ತಕ್ಷಣ ಒತ್ತಿ ಹಿಡಿಯಬೇಕು. ಆಗ ಸರ್ಜನ್ ರೋಬೋಟ್ ನಡೆಸುವ ಮೇಜಿನ (ಕನ್ಸೋಲ್) ಮುಂದೆ ಕೂತಿರುತ್ತಾರೆ, ರೋಗಿಯ ಪಕ್ಕದಲ್ಲಲ್ಲ. ಪಕ್ಕದಲ್ಲಿ ನಿಲ್ಲುವ ಡಾಕ್ಟರು ನುರಿತವರಾ? ಸರ್ಜನ್ ಈ ರೀತಿಯಲ್ಲೇ ಎಷ್ಟು ಆಪರೇಷನ್ ಮಾಡಿದ್ದಾರೆ? ಅದರಲ್ಲಿ ಎಷ್ಟು ಸಲ ಎದೆ ತೆರೆಯಬೇಕಾಯಿತು? ಸಂಕೋಚ ಬಿಟ್ಟು ಕೇಳಿ. ಕಷ್ಟ ಬಂದಾಗ ಇನ್ನೊಂದು ತೂತು ಮಾಡುತ್ತೇನೆ, ಬೇಕಾದರೆ ಎದೆ ತೆರೆಯುತ್ತೇನೆ ಅಂತ ಮೊದಲೇ ಹೇಳುವವರನ್ನು ನಾನು ನಂಬುತ್ತೇನೆ. ನಾಲ್ಕು ತೂತಿನಲ್ಲಿ ಕೈ ಕುದುರಿದವರು ಸಿಕ್ಕರೆ ಅಲ್ಲೇ ಮಾಡಿಸಿ.

ಬೀಡಿ ಮಾತ್ರ ಇವತ್ತೇ ನಿಲ್ಲಬೇಕು. ಆಪರೇಷನ್ ಆದಮೇಲೆ ಕಫ ಕಟ್ಟಿ ನ್ಯುಮೋನಿಯಾ ಆಗುವ ಅಪಾಯ ಸೇದುವವರಿಗೆ ಜಾಸ್ತಿ. ದಿನಾ ಎರಡು ಹೊತ್ತು ನಡೆಸಿ. ಮುಂದಿನ ಸಲ ಹೋಗುವಾಗ ಶ್ವಾಸಕೋಶದ ಶಕ್ತಿ ನೋಡುವ ಊದುವ ಪರೀಕ್ಷೆಯ ರಿಪೋರ್ಟ್, ಕ್ಯಾನ್ಸರ್ ಹರಡಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್ ಎರಡನ್ನೂ ತೆಗೆದುಕೊಂಡು ಹೋಗಿ.