ಕರಗಿದ ಕೊಬ್ಬು ಡೀಸೆಲ್ ಅಲ್ಲ

ಪ್ರಶ್ನೆ: ಕುರಿಯ ಕೊಬ್ಬನ್ನು ಕರಗಿಸಿ, ಸೋಸಿ ಡೀಸೆಲ್‌ಗೆ ಬೆರೆಸಿ ಪಂಪ್‌ಸೆಟ್ ಓಡಿಸಬಹುದೇ? ಸಂತೆಯಲ್ಲಿ ಒಬ್ಬರು ಓಡಿಸಿಯೇ ತೋರಿಸಿದರು. ನಮ್ಮ ಬಿಸಿಲಿಗೆ ಕೊಬ್ಬು ಗಟ್ಟಿಯಾಗುವುದೂ ಇಲ್ಲ. (ಸೇಡಂ)

ಬೇಡ. ಬೇಸಿಗೆ ಬಂದರೆ ಸಾಕು, ಸೇಡಂ, ಚಿಂಚೋಳಿ, ಶಹಾಪುರ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಇಂಜಿನ್ ಓಡುತ್ತದೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಶೇಂಗಾ ಎಣ್ಣೆಯಿಂದ ಡೀಸೆಲ್ ಇಂಜಿನ್ ಓಡಿತ್ತು. ಅರ್ಧ ಗಂಟೆ ಓಡಿಸಿ ತೋರಿಸಿದವರು ಮುಂದಿನ ತಿಂಗಳು ನಿಮ್ಮ ಹೊಲಕ್ಕೆ ಬಂದು ನಾಜಲ್ (ಇಂಜಿನ್ ಒಳಗೆ ಇಂಧನ ಸಿಂಪಡಿಸುವ ಮೂತಿ) ಬಿಚ್ಚಿ ನೋಡುತ್ತಾರೆಯೇ?

ಬಿಸಿಲಿನ ಮಾತೂ ಸರಿಯಲ್ಲ. ಕುರಿಯ ಕೊಬ್ಬು ಪೂರ್ತಿ ಕರಗಲು ಸುಮಾರು 45 ಡಿಗ್ರಿ ದಾಟಬೇಕು. ಕಲಬುರಗಿಯ 42 ಡಿಗ್ರಿಯೂ ಅದಕ್ಕೆ ಸಾಲದು. ಸಂಜೆ ಇಂಜಿನ್ ಆರಿಸಿದ ಮೇಲೆ ಅದು ಪೈಪು, ಫಿಲ್ಟರ್‌ಗಳಲ್ಲಿ ಹೆಪ್ಪುಗಟ್ಟುತ್ತದೆ. ಕಾಯಿಸಿ ಕರಗಿಸಿದರೂ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜಲ್ ಅದನ್ನು ಮಂಜಿನಂತೆ ಸಿಂಪಡಿಸಲಾರದು. ದಪ್ಪ ಹನಿಗಳು ಅರೆಬರೆ ಉರಿದು ನಾಜಲ್ ತುದಿಯಲ್ಲಿ ಮಸಿ ಕಟ್ಟುತ್ತವೆ, ಪಿಸ್ಟನ್ ರಿಂಗ್ ಹಿಡಿದುಕೊಳ್ಳುತ್ತದೆ. ಉರಿಯದ ಕೊಬ್ಬು ಕೆಳಗಿಳಿದು ಇಂಜಿನ್ ಆಯಿಲ್ ಸೇರಿ ಅದನ್ನು ಗಟ್ಟಿ ಮಾಡುತ್ತದೆ. ಬೇರಿಂಗ್ ಹೋದಾಗ ತೊಗರಿ ರಾಶಿಯ ಕಾಲವಾಗಿದ್ದರೆ ಆ ನಷ್ಟ ತುಂಬಿಕೊಡುವವರಿಲ್ಲ.

ಕೊಬ್ಬು ಇಂಧನವಾಗುವ ದಾರಿ ಬಯೋಡೀಸೆಲ್. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾದಿಂದ ಅದರ ಅಣುಗಳನ್ನು ಒಡೆದರೆ ಗ್ಲಿಸರಿನ್ ತಳಕ್ಕಿಳಿಯುತ್ತದೆ, ಮೇಲೆ ತೆಳು ಇಂಧನ ಉಳಿಯುತ್ತದೆ. ಸರಿಯಾಗಿ ತಯಾರಿಸಿದರೆ ಒಳ್ಳೆಯ ಇಂಧನವೇ; ಅದರ ಸೀಟೇನ್ ಸಂಖ್ಯೆ, ಅಂದರೆ ಇಂಜಿನ್‌ನಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬ ಅಳತೆ, ಸಾಮಾನ್ಯವಾಗಿ ಡೀಸೆಲ್‌ಗಿಂತ ಹೆಚ್ಚು. ಆದರೆ ಮಾಂಸದ ಅಂಗಡಿಯಲ್ಲಿ ಬಿದ್ದು ಹಳಸಿದ ಕೊಬ್ಬಿನಲ್ಲಿ ಬಿಡಿ ಆಮ್ಲ (ಕೊಬ್ಬು ಒಡೆದು ಬೇರ್ಪಟ್ಟ ಆಮ್ಲ) ಏರಿರುತ್ತದೆ. ಮೊದಲು ಅದನ್ನು ಇಳಿಸದೆ ಕಾಸ್ಟಿಕ್ ಹಾಕಿದರೆ ಸಿಗುವುದು ಸಾಬೂನು. ತೊಳೆದು, ತೇವ ತೆಗೆದು, ಬಯೋಡೀಸೆಲ್‌ನ ಭಾರತೀಯ ಮಾನದಂಡ ಐಎಸ್ 15607ಕ್ಕೆ ಪರೀಕ್ಷಿಸಿದ್ದನ್ನೇ ಕೊಳ್ಳಿ. ಬೀದರ್‌ನವರು ಚಳಿಗಾಲದಲ್ಲಿ ಕೊಬ್ಬಿನ ಬಯೋಡೀಸೆಲ್ಲನ್ನು ಹಾಗೆಯೇ ತುಂಬಬೇಡಿ. 15 ಡಿಗ್ರಿಯ ಆಸುಪಾಸಿನಲ್ಲೇ ಅದು ಮಬ್ಬಾಗಿ ಫಿಲ್ಟರ್ ಕಟ್ಟತೊಡಗುತ್ತದೆ.

ಮನೆಯಲ್ಲೇ ತಯಾರಿಸುತ್ತೇನೆ ಎನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಮೆಥನಾಲ್ ಆವಿ ವಿಷ, ಚರ್ಮದಿಂದಲೂ ಒಳಹೋಗುತ್ತದೆ, ಕಣ್ಣು ಕಳೆಯುತ್ತದೆ. ಹಗಲಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದೇ ಕಷ್ಟ. ಮಕ್ಕಳು ಓಡಾಡುವ ಅಂಗಳ ಅದಕ್ಕೆ ಜಾಗವಲ್ಲ.

ಪ್ರಶ್ನೆ: ಕೋಳಿ ಕೊಬ್ಬಾದರೆ? (ಹುಮನಾಬಾದ್)

ಬೇಗ ಕರಗುತ್ತದೆ, ನಾಜಲ್ ಕೆಡಿಸುವುದರಲ್ಲಿ ಕುರಿಗಿಂತ ಕಡಿಮೆಯೇನಲ್ಲ.

ಪ್ರಶ್ನೆ: ಕರ್ಪೂರ ಹಾಕಿದರೆ ಕೊಬ್ಬು ಡೀಸೆಲ್ ಆಗುತ್ತದಂತೆ? (ಸುರಪುರ)

ಆಗುವುದಿಲ್ಲ. ಹಾಗೆ ಹೇಳಿ ಪುಡಿ ಮಾರುವವರು ರೈತರ ದುಡ್ಡು ದೋಚುತ್ತಿದ್ದಾರೆ.

ಪ್ರಶ್ನೆ: ಈಗಾಗಲೇ ಕೊಬ್ಬು ಹಾಕಿ ಓಡಿಸಿದ್ದೇನೆ. ಏನು ಮಾಡಲಿ? (ಆಳಂದ)

ಮತ್ತೆ ಚಾಲೂ ಮಾಡಬೇಡಿ. ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ, ಪೈಪು ಸ್ವಚ್ಛಗೊಳಿಸಿ, ಫಿಲ್ಟರ್ ಮತ್ತು ಇಂಜಿನ್ ಆಯಿಲ್ ಎರಡನ್ನೂ ಬದಲಿಸಿ. ನಾಜಲ್ಲನ್ನು ಬಿಚ್ಚಿ, ಇಂಜಿನ್ನಿನ ಡೀಸೆಲ್ ಪಂಪ್ ದುರಸ್ತಿ ಮಾಡುವವರ ಬಳಿ ಒಯ್ದು, ಸಿಂಪಡಣೆ ಸರಿಯಿದೆಯೇ ಎಂದು ನಿಮ್ಮ ಎದುರೇ ಪರೀಕ್ಷಿಸಲು ಹೇಳಿ. ಆಮೇಲಷ್ಟೇ ಬರೀ ಡೀಸೆಲ್ ತುಂಬಿ ಓಡಿಸಿ.